ಹೊಸಬರಿಗೆ ಬಿಯರ್ ಆರಿಸಿ ಕೊಡುವ ಮೇಷ್ಟ್ರು

ನಾನು ಅಡುಗೆಯವನು. ಬಿಯರಿನ ವಿಷಯ ನನ್ನನ್ನು ಕೇಳಬೇಡಿ. ಬಿಯರ್ ಅಂಗಡಿಯ ಹಿಂದುಗಡೆ ವರ್ಷಗಟ್ಟಲೆ ಆಲೂಗಡ್ಡೆ ಕರಿಯುತ್ತಿದ್ದರೂ ನನಗೆ ಟೀಯೇ ಸಾಕು. ಮೇಷ್ಟ್ರ ವಿಷಯ ಬೇಕಾದರೆ ಕೇಳಿ. ಅದನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಎಲ್ಲ ಗೊತ್ತಿದ್ದೂ ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತವನೂ ನಾನೇ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಇಪ್ಪತ್ತು ವರ್ಷ ತಟ್ಟೆ ಹೊತ್ತು ಮಂಡಿ ಸವೆಸಿಕೊಂಡ ಸಪ್ಲೈಯರ್. ನಮ್ಮ ಅಂಗಡಿ ಕ್ರಾಫ್ಟ್ ಬಿಯರಿಗೆ ತಿರುಗಿ, ಹಿಂದಿನ ಕೋಣೆಯಲ್ಲೇ ಬಿಯರ್ ತಯಾರಾಗಿ, ಕೌಂಟರಿನ ಹನ್ನೆರಡು ನಲ್ಲಿಗಳಲ್ಲಿ ಹನ್ನೆರಡು ಬಗೆ ಬರತೊಡಗಿದಾಗ ಹೊಸ ಗಿರಾಕಿಗಳು ಗೋಡೆಯ ಮೇಲಿನ ಪಟ್ಟಿ ನೋಡಿ ಕಣ್ಣುಕಣ್ಣು ಬಿಡುತ್ತಿದ್ದರು. ಯಾವುದು ಕಹಿ, ಯಾವುದು ಹುಳಿ, ಯಾವುದು ತಲೆಗೇರುತ್ತದೆ, ಒಂದೂ ತಿಳಿಯದು. ಕೇಳಲು ನಾಚಿಕೆ ಬೇರೆ. ಇವನು ತಟ್ಟೆ ಕೆಳಗಿಟ್ಟು ಅವರ ಪಕ್ಕ ನಿಂತು, "ಟೀಗೆ ಸಕ್ಕರೆ ಎಷ್ಟು ಹಾಕ್ಕೋತೀರಾ?" ಎಂದು ಕೇಳುತ್ತಿದ್ದ. ಬ್ರೆಡ್ಡಿನ ಕರಕಲು ಅಂಚು ತಿನ್ನುತ್ತೀರೋ ಕಿತ್ತು ಬಿಸಾಡುತ್ತೀರೋ ಎನ್ನುತ್ತಿದ್ದ. ಆ ಉತ್ತರಗಳ ಮೇಲೆ ನಾಲ್ಕು ಪುಟ್ಟ ಲೋಟಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದ, ತೆಳ್ಳಗಿನದು ಮೊದಲು, ಕಪ್ಪು ಕೊನೆಗೆ. ಹೀಗೆ ಪಾಠ ಹೇಳಿಕೊಟ್ಟೇ ಮೇಷ್ಟ್ರಾದ. ನಮ್ಮ ಯಜಮಾನಿ ಮೇಡಂ ಒಂದು ವಾರ ನೋಡಿ, ತಟ್ಟೆ ಹೊರುವ ಕೆಲಸ ಬಿಡಿಸಿ ಅವನನ್ನು ನಲ್ಲಿಗಳ ಮುಂದೆ ನಿಲ್ಲಿಸಿದರು. "ಈ ಮನುಷ್ಯನ ಮೂಗಿಗೆ ದೃಷ್ಟಿ ತೆಗೀಬೇಕು," ಎಂದರು. ಅವತ್ತು ಅವನು ನೆಲದ ಮೇಲೆ ನಡೆದದ್ದನ್ನು ನಾನು ಕಾಣೆ.

ಕಳೆದ ವರ್ಷ ಅವನಿಗೆ ಜ್ವರ ಬಂತು. ಹದಿನೈದು ದಿನ ಮಲಗಿದ್ದ. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಕೆಲಸಕ್ಕೆ ವಾಪಸಾದ ದಿನ ನನ್ನ ಒಲೆಯ ಪಕ್ಕವೇ ನಿಂತು ಹರಟುತ್ತಿದ್ದ. ಬಾಣಲೆಯಲ್ಲಿ ಈರುಳ್ಳಿ ಸೀದು ಹೊಗೆಯೆದ್ದು, ಉಗ್ರಾಣದೊಳಗಿಂದ ಅವನಿಗೆ ಹೂಂಗುಡುತ್ತಿದ್ದ ನಾನೇ ವಾಸನೆಗೆ ಓಡಿ ಬಂದರೂ ಇವನಿಗೆ ಪರಿವೆಯೇ ಇಲ್ಲ, ಬೆನ್ನು ತಿರುಗಿಸಿಕೊಂಡು ಮಾತಾಡುತ್ತಲೇ ಇದ್ದ. ನಾನು ಅವನ ಮುಖ ನೋಡಿದೆ, ಅವನು ಬಾಣಲೆ ನೋಡಿದ.

"ಯಾರಿಗೂ ಹೇಳ್ಬೇಡ ಮಾರಾಯ," ಎಂದ. "ನಾಲಿಗೆಗೆ ಉಪ್ಪು, ಕಹಿ, ಹುಳಿ ಅಷ್ಟೇ ಗೊತ್ತಾಗ್ತಿದೆ. ಬೇರೆ ಏನೂ ಇಲ್ಲ. ಡಾಕ್ಟ್ರು ಕಾಯಿರಿ ಅಂದಿದ್ದಾರೆ."

"ಬರುತ್ತೆ ಬಿಡು."

"ಬರ್ದೇ ಇದ್ರೆ? ಈ ಮಂಡಿ ಇಟ್ಕೊಂಡು ನಾನು ಮತ್ತೆ ತಟ್ಟೆ ಹೊರ್ಲಾ?"

ಐವತ್ತೊಂದು ವಯಸ್ಸು. ಮಗಳ ನರ್ಸಿಂಗ್ ಓದು ಇನ್ನೂ ಮುಗಿದಿಲ್ಲ. ಈ ಕೆಲಸ ಹೋದರೆ ಅವನನ್ನು ಕರೆದು ಕೆಲಸ ಕೊಡುವವರು ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಹಳೆಯ ಬಿಯರುಗಳನ್ನು ನೆನಪಿನ ಮೇಲೆ ಸಾಗಿಸಿದ. ಆದರೆ ತಿಂಗಳಿಗೆರಡು ಹೊಸ ಬಗೆ ಬರುತ್ತವಲ್ಲ, ಅದಕ್ಕೇನು ಮಾಡುವುದು? ಬಿಯರ್ ತಯಾರಿಸುವವನು ಒಂದು ಚೀಟಿ ಬರೆದುಕೊಡುತ್ತಿದ್ದ, ಅದನ್ನು ಓದಿದರೆ ಇದ್ದ ಬುದ್ಧಿಯೂ ಹೋಗಬೇಕು. ಕೊನೆಗೆ ಮೇಷ್ಟ್ರು ಒಂದು ಸಣ್ಣ ಬಾಟಲಿಯಲ್ಲಿ ಬಿಯರ್ ತುಂಬಿಕೊಂಡು ಮನೆಗೆ ಹೋಗಿ ಹೆಂಡತಿಯ ಮುಂದಿಟ್ಟ.

ಆಕೆ ಮನೆಯಲ್ಲೇ ಪರದೆ ಹೊಲಿಯುವವಳು. ಜನ್ಮದಲ್ಲಿ ಬಿಯರ್ ಮುಟ್ಟಿದವಳಲ್ಲ. ಮೊದಲ ಗುಟುಕಿಗೆ ಹಾಗಲಕಾಯಿ ಕಚ್ಚಿದವಳಂತೆ ಮುಖ ಮಾಡಿ, "ರೀ, ಇದನ್ನ ಜನ ಕಾಸು ಕೊಟ್ಟು ಕುಡೀತಾರಾ?" ಎಂದಳಂತೆ. ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿ, "ಕಿತ್ತಳೆ ಸಿಪ್ಪೆ ಚಿವುಟಿ ಕೈ ತೊಳ್ಕೊಳ್ದೇ ಇದ್ದ ಹಾಗಿದೆ," ಎಂದಳು. ಇನ್ನೊಂದನ್ನು ಕುಡಿದು ಹೊಸ ನೋಟ್‌ಬುಕ್ ಬಿಡಿಸಿದ ಹಾಗೆ ಎಂದಳು. ಕಪ್ಪು ಬಿಯರಿಗೆ, "ತಳ ಹಿಡಿದ ಹಾಲು, ಆದ್ರೆ ಚೆಲ್ಲೋಕೆ ಮನಸ್ಸು ಬರಲ್ಲ," ಎಂದಳು. ಇವನು ಪರೀಕ್ಷೆಗೆ ಕೂರುವವನ ಹಾಗೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದು ಕೌಂಟರಿನಲ್ಲಿ ಒಪ್ಪಿಸುತ್ತಿದ್ದ. ಹೊಸಬರು ಹೌದು ಹೌದು ಎಂದು ತಲೆ ಆಡಿಸಿ, ಮಾರನೆಯ ವಾರ ಇನ್ನಿಬ್ಬರನ್ನು ಕರೆತರುತ್ತಿದ್ದರು.

ಹೊರಗೆ ಅಷ್ಟು ಹೆಸರು, ಒಳಗೆ ನರಕ. ಫಿನಾಯಿಲ್ ಬಾಟಲಿ, ಮೆಣಸಿನ ಡಬ್ಬಿ, ಸೀಮೆಎಣ್ಣೆ ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಮೂಗಿಗೆ ಒತ್ತಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ನನ್ನ ಉಗ್ರಾಣದಲ್ಲಿ ವಿನೆಗರ್ ಕ್ಯಾನಿಗೆ ಮೂಗು ಹಾಕಿ ಕೂತಿದ್ದ. ಕಣ್ಣಲ್ಲಿ ಧಾರಾಕಾರ ನೀರು. "ಉರಿ ಗೊತ್ತಾಗ್ತಿದೆ ಕಣೋ, ವಾಸನೆ ಇಲ್ಲ," ಎಂದು ಅತ್ತ. ನಾನು ಕ್ಯಾನನ್ನು ಅವನ ಕೈಯಿಂದ ಕಿತ್ತಿಟ್ಟೆ. ಏಳು, ಗಿರಾಕಿ ಕಾಯ್ತಿದ್ದಾರೆ ಎಂದು ಗದರಿದೆ. ನನಗೆ ಬೇರೆ ರೀತಿ ಸಮಾಧಾನ ಮಾಡಲು ಬರುವುದಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಪೈಪು ತೊಳೆಯುವ ದಿನ. ನಲ್ಲಿಯ ಪೈಪುಗಳಿಗೆ ಕ್ಷಾರದ ಮದ್ದು ಬಿಟ್ಟು, ಆಮೇಲೆ ಒಳ್ಳೆಯ ನೀರು ಹರಿಸಿ, ಕೊನೆಗೆ ಬಿಯರ್ ಬಿಟ್ಟು ಮೊದಲ ಲೋಟವನ್ನು ಮೂಸಿ ನೋಡಬೇಕು. ಬ್ಲೀಚಿಂಗ್ ಪೌಡರಿನ ವಾಸನೆ ಇದ್ದರೆ ಇನ್ನೂ ತೊಳೆಯಬೇಕು. ಆ ಮದ್ದು ಬಾಯಿಗೆ ಬಿದ್ದರೆ ಗಂಟಲು ಸುಟ್ಟುಹೋಗುತ್ತದೆ. ಮೂಸುವ ಕೆಲಸ ಮೇಷ್ಟ್ರದ್ದು. ಅವನು ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಒಂದೊಂದು ನಲ್ಲಿಗೂ ಹತ್ತು ಜಗ್ ನೀರು, ಎಣಿಸಿ ಹತ್ತು. ಆಮೇಲೆ ಎಲ್ಲರಿಗೂ ಕಾಣುವಂತೆ ಲೋಟವನ್ನು ಮೂಗಿಗೆ ಹಿಡಿದು, ಸರಿ ಎನ್ನುತ್ತಿದ್ದ.

ಆ ಸೋಮವಾರ ಆರನೆಯ ನಲ್ಲಿ ಮುಗಿಯುವ ಹೊತ್ತಿಗೆ ಮಗಳ ಫೋನ್ ಬಂತು. ಎರಡನೆಯ ವರ್ಷ ಪಾಸಾಗಿದ್ದಳು. ಅವನು ಅಡುಗೆಮನೆಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡು, ಕುಣಿಯುವುದೊಂದು ಬಾಕಿ, ಹಾಗೇ ವಾಪಸ್ ಹೋಗಿ ಎಂಟನೆಯ ನಲ್ಲಿಗೆ ನೀರು ಬಿಟ್ಟ.

ಹನ್ನೊಂದು ಗಂಟೆಗೆ ಬಾಗಿಲು ತೆರೆದಾಗ ಮೊದಲು ಬಂದದ್ದು ಲೈಬ್ರರಿ ಕೆಲಸದಿಂದ ಹೊಸದಾಗಿ ರಿಟೈರ್ ಆದ ಒಬ್ಬ ಅಮ್ಮ.

"ನಾನು ಜೀವಮಾನದಲ್ಲಿ ಮಾಡ್ದೇ ಇರೋದನ್ನೆಲ್ಲ ಒಂದೊಂದಾಗಿ ಮಾಡ್ತಿದ್ದೀನಪ್ಪ," ಎಂದರು. "ಹೋದ ವಾರ ಈಜು. ಈ ವಾರ ಬಿಯರು."

"ಎರಡರಲ್ಲೂ ಮೊದ್ಲು ದಡದ ಹತ್ರಾನೇ ಇರ್ಬೇಕಮ್ಮಾ," ಎಂದು ಮೇಷ್ಟ್ರು ನಗಿಸಿದ. ನಾಲ್ಕು ಲೋಟ ಜೋಡಿಸಿದ. ಮೊದಲಿನ ಗೋಧಿ ಬಿಯರ್ ಕುಡಿದು ಆಕೆ ಹುಬ್ಬೇರಿಸಿದರು. ಎರಡನೆಯದನ್ನು ನಿಧಾನವಾಗಿ ಕುಡಿದರು. ಮೂರನೆಯದು ಏಳನೆಯ ನಲ್ಲಿಯದು. ಅದನ್ನು ಆಕೆಯ ಕೈಗೆ ಕೊಟ್ಟು ಬೆರಳು ಒರೆಸಿಕೊಳ್ಳಲು ಹೋದವನು ನಿಂತುಬಿಟ್ಟ. ಬೆರಳು ಸೋಪು ಹಚ್ಚಿದಂತೆ ಜಾರುತ್ತಿತ್ತು, ಆ ಮದ್ದು ತಗುಲಿದರೆ ಆಗುವ ಹಾಗೆ. ಲೋಟದ ನೊರೆ ಆಗಲೇ ಸತ್ತಿತ್ತು. ಆಕೆ ಲೋಟವನ್ನು ತುಟಿಗೆ ಎತ್ತಿದ್ದರು. ಅವನು ಕೌಂಟರಿನ ಮೇಲೆ ಬಾಗಿ ಆಕೆಯ ಕೈಯನ್ನೇ ಹೊಡೆದ.

ಗಾಜು ಒಡೆದ ಸದ್ದಿಗೆ ಮೇಡಂ ಓಡಿ ಬಂದರು. ನೆಲದ ಮೇಲೆ ಚೆಲ್ಲಿದ್ದರ ಘಾಟು ಅಡುಗೆಮನೆಯ ಬಾಗಿಲಲ್ಲಿದ್ದ ನನಗೂ ಬಡಿಯಿತು. ಲೈಬ್ರರಿಯ ಅಮ್ಮ ಕೈ ಒತ್ತಿಕೊಳ್ಳುತ್ತಾ, "ನನಗೇನೂ ಆಗಿಲ್ಲ, ಘಾಟು ನೋಡಿ ಹಾಳಾಗಿದ್ಯೇನೋ ಅಂದ್ಕೊಂಡೆ, ಹೊಸಬಳು ಹೇಗೆ ಹೇಳೋದು ಅಂತ..." ಎಂದು ತೊದಲಿದರು.

"ಇಷ್ಟು ದೂರಕ್ಕೆ ಮದ್ದಿನ ವಾಸನೆ ಹೊಡೀತಿದೆ," ಮೇಡಂ ಅವನ ಕಡೆ ತಿರುಗಿದರು. "ಸುರಿಯೋವಾಗ ನಿಮಗೆ ಗೊತ್ತಾಗ್ಲಿಲ್ವಾ ಮೇಷ್ಟ್ರೇ?"

ಅವನು ಬಿಳಿಚಿಕೊಂಡಿದ್ದ. ನಾನು ತಡೆಯಲಾರದೆ, "ಅವನಿಗೆ ಬೆಳಿಗ್ಗೆಯಿಂದ ನೆಗಡಿ ಮೇಡಂ!" ಎಂದು ಕೂಗಿದೆ. ಒಳ್ಳೆಯ ಸುಳ್ಳು. ಅದನ್ನು ಹಿಡಿದುಕೊಂಡಿದ್ದರೆ ಆ ದಿನ ದಾಟುತ್ತಿತ್ತು. ಅವನು ನನ್ನ ಕಡೆ ನೋಡಿದ, ಆಮೇಲೆ ಆ ಅಮ್ಮನ ಬಾಯಿಯ ಕಡೆ ನೋಡಿದ.

"ನೆಗಡಿ ಅಲ್ಲ ಮೇಡಂ. ಎಂಟು ತಿಂಗಳಿಂದ ನನಗೆ ಯಾವ ವಾಸನೇನೂ ಬರಲ್ಲ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು.

"ಮತ್ತೆ ಆ ಮಾತುಗಳೆಲ್ಲ? ಕಿತ್ತಳೆ ಸಿಪ್ಪೆ, ನೋಟ್‌ಬುಕ್ಕು?"

"ನನ್ನ ಹೆಂಡ್ತೀದು."

ಅವನು ಏಪ್ರನ್ ಬಿಚ್ಚಿ ಮಡಚಿ ಕೌಂಟರಿನ ಮೇಲಿಟ್ಟ. ಮೇಡಂ ಅದನ್ನು ಬೇಡ ಎನ್ನಲಿಲ್ಲ. ಬಾಗಿಲ ತನಕ ಹೋದವನನ್ನು ಕರೆದು, ನಾಳೆ ನಿಮ್ಮ ಮನೆಯವರನ್ನ ಕಳಿಸಿ, ನಲ್ಲಿ ಹತ್ತಿರ ನಿಲ್ಲೋಕೆ ಒಪ್ತಾರಾ ಕೇಳಿ ಎಂದರು. ಇವನ ವಿಷಯ ಒಂದಕ್ಷರ ಇಲ್ಲ. ಅವನು ಬೀದಿಯಲ್ಲಿ ನಡೆಯುತ್ತಿದ್ದ ರೀತಿ ನೋಡಿ ನನಗೆ ಭಯವಾಯಿತು. ಒಲೆ ಆರಿಸಿ ಅವನ ಜೊತೆ ಅವನ ಮನೆಗೆ ಹೋದೆ.

ಹೆಂಡತಿ ಮಿಷನ್ ಮುಂದೆ ಕೂತು ನೀಲಿ ಪರದೆಯೊಂದಕ್ಕೆ ಅಂಚು ಹೊಡೆಯುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ನಮ್ಮಿಬ್ಬರನ್ನೂ ನೋಡಿ ಕಾಲು ನಿಲ್ಲಿಸಿದಳು. ಅವನು ನಿಂತೇ ಎಲ್ಲ ಹೇಳಿದ. ಏಳನೆಯ ನಲ್ಲಿ, ಲೈಬ್ರರಿಯ ಅಮ್ಮ, ಏಪ್ರನ್. ಅಷ್ಟಕ್ಕೆ ನಿಲ್ಲಿಸಿ ಗೋಡೆ ನೋಡಿದ. ಇನ್ನೊಂದು ಮಾತನ್ನು ನುಂಗಿಬಿಡುತ್ತಾನೋ ಎಂದು ನಾನು ಉಸಿರು ಹಿಡಿದೆ. ನುಂಗಿದ್ದರೆ ನಾನಂತೂ ಅವನನ್ನು ಬಯ್ಯುತ್ತಿರಲಿಲ್ಲ.

"ನನ್ನ ಜಾಗಕ್ಕೆ ನಿನ್ನನ್ನ ಕರೀತಿದ್ದಾರೆ," ಎಂದ. "ನಾಳೆಯಿಂದ."

"ಎಷ್ಟು ಗಂಟೆಗೆ?" ಎಂದಳು ಆಕೆ.

ಅಂದ ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದರೂ ಕಣ್ಣಿನ ಸಂತೋಷ ಮುಚ್ಚಲಿಲ್ಲ, ಅದನ್ನು ಅವನು ನೋಡಿದ, ನಾನೂ ನೋಡಿದೆ. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಯಾರೂ ಆಕೆಯನ್ನು ಯಾವುದಕ್ಕೂ ಹೀಗೆ ಕರೆದಿರಲಿಲ್ಲ.

"ಹತ್ತಕ್ಕೆ," ಎಂದು ಅವನು ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಬಹಳ ಹೊತ್ತು ನೀರು ಬೀಳುವ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಅವನನ್ನು ಕರೆಯಲಿಲ್ಲ.