ಫರಸಿ ಕಲ್ಲಿನ ಗಡಿಯಾರ

ತೆಲಂಗಾಣದ ನಾಗಲಗಿದ್ದದ ಕಡೆಯ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ನಾನು ಕೆಲವು ವರ್ಷ ಗಣಿತ ಕಲಿಸಿದೆ. ಹೊಲ ದಾಟಿದರೆ ಕರ್ನಾಟಕ. ನಮ್ಮಲ್ಲಿ ಪಠ್ಯಪುಸ್ತಕದ ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ತೆಲುಗು. ಮಕ್ಕಳ ಆಟ, ಜಗಳ, ಚಾಡಿ ಎಲ್ಲ ಕನ್ನಡದಲ್ಲಿ. ನಾನೂ ಜಹೀರಾಬಾದಿನ ಕನ್ನಡದ ಮನೆಯವನೇ ಆದ್ದರಿಂದ ಲೆಕ್ಕ ತೆಲುಗಿನಲ್ಲಿ ಹೇಳಿ, ತಿಳಿಯದಿದ್ದರೆ ಮತ್ತೊಮ್ಮೆ ಕನ್ನಡದಲ್ಲಿ ಹೇಳುತ್ತಿದ್ದೆ.

ದಸರಾ ರಜೆ ಮುಗಿದು ಶಾಲೆ ತೆರೆದ ವಾರ. ಎಂಟನೇ ತರಗತಿಯಲ್ಲಿ ನಾನು ಕೋನಗಳ ಪಾಠ ಮಾಡುತ್ತಿದ್ದೆ. ಕಿಟಕಿಯ ಪಕ್ಕ ಕೂತ ಹುಡುಗಿಯೊಬ್ಬಳು ಮತ್ತೆ ಮತ್ತೆ ಹೊರಗೆ ನೋಡುತ್ತಿದ್ದಳು. ಎರಡು ಸಲ ಸುಮ್ಮನಿದ್ದೆ. ಮೂರನೆಯ ಸಲ ಸಿಟ್ಟು ಬಂತು.

"ಏನವ್ವಾ, ಹೊರಗ ಏನ್ ತಮಾಷಾ ನಡದದ?"

ಅವಳು ಎದ್ದು ನಿಂತಳು. "ಊಟದ ಗಂಟಿ ಹೊಡೀಬೇಕಾಗಿತ್ತ್ರಿ ಸರ್. ಇನ್ನೂ ಹೊಡದಿಲ್ಲ."

"ನಿನಗ ಹ್ಯಾಂಗ ಗೊತ್ತು? ನಿನ್ನ ಕೈಯಾಗ ಗಡಿಯಾರ ಇಲ್ಲಲ್ಲ."

"ಝಂಡಾ ಕಂಬದ ನೆರಳು ಮೂರನೇ ಫರಸಿ ಬಿರುಕಿಗೆ ಬಂದಾಗ ಗಂಟಿ ಹೊಡೀತಾರ್ರಿ. ಇವತ್ತ ನೆರಳು ದಾಟಿ ಹೋಗ್ಯದ."

ಕೈಗಡಿಯಾರ ನೋಡಿಕೊಂಡೆ. ಊಟದ ಹೊತ್ತು ಮೀರಿ ಹನ್ನೆರಡು ನಿಮಿಷ ಆಗಿತ್ತು. ಸ್ಟಾಫ್ ರೂಮಿನ ಗೋಡೆ ಗಡಿಯಾರದ ಸೆಲ್ಲು ಕುಂದಿ ಅದು ಹಿಂದೆ ಬಿದ್ದಿತ್ತು. ಜವಾನ ಅದನ್ನೇ ನಂಬಿ ಕೂತಿದ್ದ. ಅಂಗಳದಲ್ಲಿ ಧ್ವಜಕಂಬದ ಸುತ್ತ ಹಾಸಿದ ಫರಸಿ ಕಲ್ಲುಗಳನ್ನು ನಾನು ವರ್ಷಗಟ್ಟಲೆ ತುಳಿದು ಓಡಾಡಿದ್ದೆ. ಅದರ ಮೇಲೆ ಹೊತ್ತು ಸರಿಯುವುದನ್ನು ನೋಡಿರಲಿಲ್ಲ.

ಆ ಹುಡುಗಿ ಅಜ್ಜಿಯ ಜೊತೆ ಇದ್ದು ಓದುತ್ತಿದ್ದಳು. ಅಪ್ಪ ಅವ್ವ ತಾಂಡೂರಿನಲ್ಲಿದ್ದರು. ಅಪ್ಪನಿಗೆ ಅಲ್ಲಿ ಫರಸಿ ಕೊಯ್ದು ಪಾಲಿಶ್ ಮಾಡುವ ಕಡೆ ಕೆಲಸ. ಲೆಕ್ಕದಲ್ಲಿ ಅವಳು ಎಲ್ಲರಿಗಿಂತ ಮುಂದೆ ಏನಲ್ಲ. ಪರೀಕ್ಷೆಯಲ್ಲಿ ಉತ್ತರ ತಡವಾಗಿ ಬರೆಯುವವಳು. ಆದರೆ ಒಂದು ಸಂಗತಿ ಹಿಡಿದರೆ ಬಿಡುವವಳಲ್ಲ. ಮರುದಿನ ನಾನು ತರಗತಿಯಲ್ಲಿ, ನೆರಳಿನಿಂದ ಪೂರಾ ದಿನದ ಹೊತ್ತು ಹೇಳುವ ಗಡಿಯಾರವನ್ನೇ ಮಾಡಬಹುದು ಎಂದಾಗ ಅವಳೇ ಮೊದಲು ಕೈ ಎತ್ತಿದಳು. ಇನ್ನೂ ಐದು ಹುಡುಗಿಯರು ಸೇರಿಕೊಂಡರು.

ಕಲ್ಲು ತಾಂಡೂರಿನಿಂದ ಬಂತು. ಅವಳ ಅಪ್ಪ ಎರಡು ಅಡಿ ಚೌಕದ ನೀಲಿ ಫರಸಿಯೊಂದನ್ನು ಕನ್ನಡಿಯಂತೆ ತಿಕ್ಕಿ, ಗೋಣಿಚೀಲದಲ್ಲಿ ಹೊಲಿದು, ಜಹೀರಾಬಾದಿಗೆ ಹೊರಟ ಲಾರಿಯಲ್ಲಿ ಕೊಟ್ಟು ಕಳಿಸಿದ್ದ. ನಾನು ಭಾನುವಾರ ಮನೆಗೆ ಹೋದವನು ಅದನ್ನು ಇಳಿಸಿಕೊಂಡು ಬಸ್ಸಿನಲ್ಲಿ ನಾರಾಯಣಖೇಡಕ್ಕೆ ತಂದೆ. ಅಲ್ಲಿಂದ ಶಾಲೆಯವರೆಗೆ ಆಟೊ.

ಮಕ್ಕಳು ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ, ಹಗ್ಗ ಹಿಡಿದು ಸುತ್ತ ವರ್ತುಲ ಎಳೆದರು. ಮುಂಜಾನೆ ನೆರಳಿನ ತುದಿ ವರ್ತುಲಕ್ಕೆ ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದರೆ ಪೂರ್ವ ಪಶ್ಚಿಮ. ಅದಕ್ಕೆ ಅಡ್ಡವಾಗಿ ಉತ್ತರ ದಕ್ಷಿಣದ ಗೆರೆ. ಆ ಗೆರೆಗೆ ಸರಿಯಾಗಿ ಕಲ್ಲು ಕೂರಿಸಿ, ಉತ್ತರಕ್ಕೆ ನಮ್ಮೂರಿನ ಅಕ್ಷಾಂಶದಷ್ಟು, ಹದಿನೆಂಟು ಡಿಗ್ರಿ, ಏರುವ ಹಾಗೆ ಕಬ್ಬಿಣದ ಕಂಬಿ ನಿಲ್ಲಿಸಿದೆವು. ಕೋನಗಳ ಪಾಠ ಪುಸ್ತಕ ಬಿಟ್ಟು ಅಂಗಳಕ್ಕೆ ಬಂದಿತ್ತು. ಒಂದೊಂದು ತಾಸಿನ ಗೆರೆಯನ್ನೂ ಹುಡುಗಿಯರೇ ಲೆಕ್ಕ ಹಾಕಿ ಎಳೆದರು.

ನವೆಂಬರಿನ ಮೊದಲ ವಾರ ಗಡಿಯಾರ ಸಿದ್ಧವಾಯಿತು. ಕೈಗಡಿಯಾರಕ್ಕೂ ಅದಕ್ಕೂ ಮೂರು ನಾಲ್ಕು ನಿಮಿಷವಷ್ಟೇ ಅಂತರ. ಹೆಡ್‌ಮಾಸ್ತರು ಬಂದು, ಬಗ್ಗಿ ನೋಡಿ, "ಭೇಷ್, ಇದಕ್ಕ ಸೆಲ್ಲು ಹಾಕೋ ಕೆಲಸಾನೇ ಇಲ್ಲ" ಎಂದು ನಕ್ಕರು. ಕೈಯಲ್ಲಿ ಮೊಬೈಲಿದ್ದ ದೊಡ್ಡವರೂ ದಾರಿಯಲ್ಲಿ ಹೋಗುವಾಗ ಗೇಟಿನ ಒಳಗೆ ಬಂದು ಕಲ್ಲಿನಲ್ಲಿ ಹೊತ್ತು ನೋಡಿ ಹೋಗುತ್ತಿದ್ದರು.

ಆ ಹುಡುಗಿ ಒಂದು ವಹಿ ಹಾಕಿದಳು. ಪ್ರತಿದಿನ ಕಂಬಿಯ ನೆರಳು ಹನ್ನೆರಡರ ನಡುಗೆರೆಯ ಮೇಲೆ ಸರಿಯಾಗಿ ಬಂದಾಗ ಕೈಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಬರೆಯುವುದು, ಅಷ್ಟೇ. ಅದಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಕೈಗಡಿಯಾರ ಇಸಿದುಕೊಳ್ಳುತ್ತಿದ್ದಳು. ಹಿಂದಿ ಪಾಠದ ನಡುವೆ ಎದ್ದು ಹೋಗಲು ಹೆಡ್‌ಮಾಸ್ತರು ಪರವಾನಗಿ ಕೊಟ್ಟಿದ್ದರು. ರಜೆಯ ದಿನ ಅಜ್ಜಿಯ ಮೊಬೈಲು ತಂದು ಬರೆಯುತ್ತಿದ್ದಳು.

ಡಿಸೆಂಬರಿನಲ್ಲಿ ತೊಂದರೆ ಶುರುವಾಯಿತು. ಕಲ್ಲು ಹಿಂದೆ ಬೀಳತೊಡಗಿತು. ಮೊದಲು ಎಂಟು ನಿಮಿಷ, ಆಮೇಲೆ ಹತ್ತು, ಕ್ರಿಸ್‌ಮಸ್ ಹೊತ್ತಿಗೆ ಇಪ್ಪತ್ತು. ಕೆಳಗಿನ ಮಣ್ಣು ಕುಸಿದು ಕಲ್ಲು ವಾಲಿರಬೇಕು ಎಂದುಕೊಂಡೆ. ಊರಿನ ಗಾರೆ ಕೆಲಸದ ಗೌಂಡಿಯಿಂದ ರಸಮಟ್ಟ ತಂದು ಕಲ್ಲಿನ ಮೇಲಿಟ್ಟು ನೋಡಿದೆವು. ಗುಳ್ಳೆ ನಟ್ಟನಡುವೆ ನಿಂತಿತು. ಆದರೂ ನಾನು ಕಲ್ಲು ಎಬ್ಬಿಸಿ, ಮರಳು ಹಾಕಿ, ಮತ್ತೆ ಕೂರಿಸಿದೆ. ವರ್ತುಲ ಎಳೆದು ದಿಕ್ಕು ಮತ್ತೆ ತೆಗೆದೆವು. ಅದೇ ಗೆರೆ, ಅದೇ ಅಂತರ.

"ನೀನು ನೋಡುವಾಗ ತಪ್ಪು ಮಾಡ್ತಿ ಕಾಣ್ತದ" ಎಂದೆ ಅವಳಿಗೆ.

"ಇಲ್ರಿ ಸರ್. ನೆರಳು ಗೆರಿಗೆ ಬರೂ ತನಕ ನಾ ಕಣ್ಣು ಸುದ್ದಾ ಮಿಟುಕಿಸಂಗಿಲ್ರಿ."

ನನಗೆ ಗೊತ್ತಿಲ್ಲ ಎಂದು ಹೇಳುವ ಬದಲು, ಸುಮ್ಮನೆ ಮುಂದಿನ ಲೆಕ್ಕಕ್ಕೆ ಹೋದೆ.

ಸಂಕ್ರಾಂತಿಯ ರಜೆ ಮುಗಿದ ಮೇಲೆ ಜಹೀರಾಬಾದಿನಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ನಮ್ಮ ಕಲ್ಲನ್ನು ಒಯ್ಯುವುದೆಂದು ನಿಶ್ಚಯವಾಯಿತು. ಹೊರಡುವ ಮುಂಚಿನ ದಿನ ಅವಳು ಚಾರ್ಟು, ಬಣ್ಣದ ಪೆನ್ನುಗಳ ಜೊತೆ ವಹಿಯನ್ನೂ ಚೀಲಕ್ಕೆ ಹಾಕುತ್ತಿದ್ದಳು. ನಾನು ಅದನ್ನು ಹೊರಗೆ ತೆಗೆದಿಟ್ಟೆ.

"ಇದು ಬ್ಯಾಡವ್ವ. ಇದರಾಗ ದಿನಾ ಎಷ್ಟು ತಪ್ಪು ತೋರಿಸ್ತದ ಅಂತ ನೀನೇ ಬರದಿಟ್ಟೀದಿ. ಪರೀಕ್ಷಕರ ಕೈಗೆ ನಾವೇ ಕೊಟ್ಟಂಗಾತು."

ಅವಳು ವಹಿಯನ್ನೂ ನನ್ನನ್ನೂ ನೋಡಿದಳು. "ಹೂಂ ರಿ" ಎಂದಳು.

ಪ್ರದರ್ಶನ ಒಂದು ದೊಡ್ಡ ಶಾಲೆಯ ಮೈದಾನದಲ್ಲಿ. ನೀರು ಶುದ್ಧ ಮಾಡುವ ಡಬ್ಬಿ, ತೊಗರಿ ಹೊಟ್ಟಿನಿಂದ ಮಾಡಿದ ಇಟ್ಟಿಗೆ, ಕಾಲಿನಿಂದ ಒತ್ತಿದರೆ ಕೈ ತೊಳೆಯಲು ನೀರು ಬರುವ ಯಂತ್ರ, ಹಳ್ಳಿ ಹಳ್ಳಿಗಳ ಮಕ್ಕಳು ಏನೇನೋ ಮಾಡಿ ತಂದಿದ್ದರು. ನೋಡುತ್ತಾ ನಿಂತರೆ ಮನಸ್ಸು ತುಂಬುತ್ತಿತ್ತು. ನಮ್ಮ ಹುಡುಗಿಯರು ಬಿಸಿಲು ಬೀಳುವ ಜಾಗ ಹುಡುಕಿ, ದಿಕ್ಸೂಚಿ ಇಟ್ಟು ಕಲ್ಲು ಕೂರಿಸಿದರು.

ಪರೀಕ್ಷಕರು ಹನ್ನೊಂದು ಗಂಟೆಗೆ ಬಂದರು. ವಯಸ್ಸಾದ, ಸೌಮ್ಯವಾದ ಮನುಷ್ಯ. ಕಲ್ಲು ಮುಟ್ಟಿ ನೋಡಿ, ಕೆಲಸ ನಾಜೂಕಾಗಿದೆ ಎಂದು ಹೊಗಳಿದರು. ಆಮೇಲೆ ನೆರಳು ಓದಿದರು. ಹತ್ತೂವರೆ.

"ಅರ್ಧ ಗಂಟೆ ಹಿಂದಿದೆಯಲ್ಲಮ್ಮಾ. ಯಾಕೆ?" ಎಂದು ತೆಲುಗಿನಲ್ಲಿ ಕೇಳಿದರು.

ಆ ಹುಡುಗಿ ಮೊದಲು ತೆಲುಗಿನಲ್ಲೇ ಶುರು ಮಾಡಿದಳು. ಅವಸರಕ್ಕೆ ಮಾತು ಕನ್ನಡಕ್ಕೆ ಹೊರಳಿತು. "ಕಲ್ಲು ತಪ್ಪಿಲ್ರಿ ಸರ್. ಮೊದ್ಲು ಬರೋಬರ್ ಇತ್ತ್ರಿ. ದಿನಾ ಒಂದೀಟು ಒಂದೀಟು ಸರಿಲತದ್ರಿ. ನಾ ಎಲ್ಲಾ ಬರದೀನ್ರಿ."

ನಮ್ಮ ಕಡೆಯ ಕನ್ನಡ ಅವರಿಗೂ ತಿಳಿಯುತ್ತಿತ್ತು. "ಬರೆದಿದ್ದೀಯಾ? ಎಲ್ಲಿ, ತೋರಿಸು."

ಅವಳು ತಿರುಗಿ ನನ್ನನ್ನು ನೋಡಿದಳು. ನಾನೇ ಬೇಡ ಎಂದೆ, ವಹಿ ಶಾಲೆಯಲ್ಲಿದೆ ಎಂದು ಹೇಳಲು ಒಂದೇ ಮಾತು ಸಾಕಿತ್ತು. ನಾನು ಪಕ್ಕದ ಮೇಜಿನ ಮೇಲಿದ್ದ ಗಾಳಿಯಂತ್ರವನ್ನು ನೋಡುತ್ತಾ ನಿಂತೆ. ಪರೀಕ್ಷಕರು ಸ್ವಲ್ಪ ಕಾದು, ಅವಳ ತಲೆ ಸವರಿ ಮುಂದೆ ಹೋದರು. ನಮಗೆ ಬಹುಮಾನ ಬರಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರ ಇರುವುದು ಆ ಅರ್ಧ ನಿಮಿಷದ ಬಗ್ಗೆ.

ಹಿಂದಿರುಗುವ ಬಸ್ಸಿನಲ್ಲಿ ಉಳಿದ ಹುಡುಗಿಯರು ಕಡಲೆಕಾಯಿ ತಿನ್ನುತ್ತಾ ಹರಟುತ್ತಿದ್ದರು. ನಾರಾಯಣಖೇಡ ಹತ್ತಿರವಾದಾಗ ಅವಳು ನನ್ನ ಸೀಟಿನ ಬಳಿ ಬಂದು ಕೇಳಿದಳು:

"ಸರ್, ವಹಿ ಇದ್ದಿದ್ರ ಅವರು ಓದ್ತಿದ್ರೇನ್ರಿ?"

"ಓದ್ತಿದ್ರು ಕಾಣ್ತದವ್ವ" ಎಂದೆ. ಅವಳು ತಲೆಯಾಡಿಸಿ ಹೋಗಿ ಕಿಟಕಿಗೆ ಒರಗಿ ಕೂತಳು.

ಇನ್ನು ಅವಳು ಕಲ್ಲಿನ ಹತ್ತಿರ ಹೋಗುವುದಿಲ್ಲ ಎಂದುಕೊಂಡಿದ್ದೆ. ಮರುದಿನ ಹನ್ನೆರಡು ಗಂಟೆಗೆ ಎಂದಿನಂತೆ ಬಾಗಿಲಲ್ಲಿ ನಿಂತು ಕೈಚಾಚಿದಳು. ನಾನು ಗಡಿಯಾರ ಬಿಚ್ಚಿಕೊಟ್ಟೆ.

ಫೆಬ್ರವರಿ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಅವಳು ಓಡಿ ಬಂದಳು. ಬಾಗಿಲಲ್ಲಿ ಕೇಳುವುದನ್ನೂ ಮರೆತಿದ್ದಳು.

"ಸರ್, ತಿರುಗ್ಯದ್ರಿ!"

"ಏನು ತಿರುಗ್ಯದ?"

ವಹಿ ಬಿಚ್ಚಿ ಮೇಜಿನ ಮೇಲಿಟ್ಟಳು. ಹನ್ನೆರಡು ಮೂವತ್ತು. ಮೂವತ್ತೆರಡು. ಮೂವತ್ತನಾಲ್ಕು. ಹತ್ತಾರು ದಿನ ಅದೇ ಮೂವತ್ತನಾಲ್ಕು. ಆಮೇಲೆ ಮೂವತ್ತಮೂರು. ಮತ್ತೆ ಮೂವತ್ತಮೂರು. ಈ ದಿನ ಮೂವತ್ತೆರಡು.

"ಹೋದ ವಾರಾನೇ ಹೇಳಬೇಕಂದಿದ್ದೆರಿ. ಖರೆ ಅದ ಇಲ್ಲ ಅಂತ ಇನ್ನಷ್ಟು ದಿನ ನೋಡ್ದೆ. ಕಲ್ಲು ಸರದಿದ್ರ ಒಂದೇ ಕಡಿ ಸರೀತಿತ್ತು, ಹೌದಲ್ರಿ? ತಾನೇ ತಿರುಗಿ ಬರ್ತಿದ್ದಿಲ್ಲ. ಕಲ್ಲಿಂದಲ್ರಿ ಇದು, ಮ್ಯಾಲಿಂದು."

ಡಬ್ಬಿ ಮುಚ್ಚಿಟ್ಟೆ. ಬಿ.ಎಡ್. ಓದಿದ ನಾನು ರಸಮಟ್ಟ ತಂದು ಮರಳು ತುಂಬಿದ್ದೆ. ಹದಿಮೂರು ವರ್ಷದ ಹುಡುಗಿ ದಿನಕ್ಕೊಂದು ಸಾಲು ಬರೆದು ಬರೆದು ಸೂರ್ಯನವರೆಗೆ ಹೋಗಿದ್ದಳು.

ಆ ಸಂಜೆ ನನ್ನ ಕೋಣೆಯಲ್ಲಿ ಕೂತು ಇದರ ಬಗ್ಗೆ ಓದಿದೆ. ಡಿಸೆಂಬರಿನಲ್ಲೇ ಓದಬೇಕಾಗಿತ್ತು. ನಮ್ಮ ಗಡಿಯಾರಗಳು ಇಡೀ ದೇಶಕ್ಕೆ ಒಂದೇ ಹೊತ್ತು ತೋರಿಸುತ್ತವೆ. ಆ ಹೊತ್ತಿನ ಗೆರೆ ನಮಗಿಂತ ಪೂರ್ವಕ್ಕೆ, ಆಂಧ್ರದ ಕರಾವಳಿಯಲ್ಲಿ ಕಾಕಿನಾಡದ ಹತ್ತಿರ ಹಾಯುತ್ತದೆ. ಅಲ್ಲಿಂದ ನಮ್ಮ ನೆತ್ತಿಗೆ ಬರಲು ಸೂರ್ಯನಿಗೆ ಸುಮಾರು ಇಪ್ಪತ್ತು ನಿಮಿಷ ಬೇಕು. ಅದರ ಮೇಲೆ, ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಹೋಗುವುದಿಲ್ಲ, ವಾಲಿಕೊಂಡೂ ಇರುತ್ತದೆ. ಹಾಗಾಗಿ ನೆರಳು ವರ್ಷದಲ್ಲಿ ಕೆಲವು ತಿಂಗಳು ಮುಂದೆ, ಕೆಲವು ತಿಂಗಳು ಹಿಂದೆ. ನಾವು ಗಡಿಯಾರ ಕೂರಿಸಿದ ನವೆಂಬರಿನಲ್ಲಿ ಎರಡು ಅಂತರಗಳೂ ಒಂದನ್ನೊಂದು ತಿಂದುಹಾಕಿ, ಎಲ್ಲ ಸರಿಯಿದೆ ಎಂದು ನಮ್ಮನ್ನು ನಂಬಿಸಿದ್ದವು.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಹೇಳಿದ ಮೇಲೆ ಇನ್ನೊಂದು ಮಾತು ಹೇಳುವುದಿತ್ತು. "ಜಹೀರಾಬಾದಿಗೆ ವಹಿ ಒಯ್ಯಬ್ಯಾಡ ಅಂದಾಂವ ನಾನು. ಅದು ನನ್ನ ತಪ್ಪು. ಅಲ್ಲಿ ಸುಮ್ಮನೆ ನಿಂತಿದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದೆ. ಶಿಕ್ಷಕರು ಹೀಗೆ ಹೇಳಿದ್ದನ್ನು ಮಕ್ಕಳು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹುಡುಗಿ ಬೆಂಚಿನ ಕಡೆ ನೋಡುತ್ತಾ, "ಇರ್ಲಿ ಬಿಡ್ರಿ ಸರ್" ಎಂದಳು. ಆಮೇಲೆ, "ಹಂಗಾದ್ರ ತಾಂಡೂರಾಗ ನಮ್ಮಪ್ಪಗ ಮಧ್ಯಾಹ್ನ ಯಾವಾಗ ಆಗ್ತದ್ರಿ?" ಎಂದು ಕೇಳಿದಳು.

ಆ ಪ್ರಶ್ನೆಯೇ ಮುಂದಿನ ತಿಂಗಳ ಕೆಲಸವಾಯಿತು. ನಕ್ಷೆ ಬಿಚ್ಚಿ ನೋಡಿದರೆ ತಾಂಡೂರು ನಮ್ಮ ಹಳ್ಳಿಗೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಇಬ್ಬರಿಗೂ ಒಂದೇ ಹೊತ್ತಿಗೆ ನಡುಹಗಲು. ಆದರೆ ನೆರಳಿನ ಉದ್ದ ಬೇರೆ ಇರಬೇಕು ಎಂದೆ. ಎಷ್ಟು ಬೇರೆ ಎಂದು ನೋಡಿಯೇ ಬಿಡೋಣ ಎಂದರು ಮಕ್ಕಳು.

ಹಗಲು ರಾತ್ರಿ ಸಮನಾಗುವ ಮಾರ್ಚಿನ ದಿನ ಗೊತ್ತು ಮಾಡಿದೆವು. ಆಗ ಒಪ್ಪೊತ್ತಿನ ಶಾಲೆ, ಹನ್ನೆರಡೂವರೆಗೆ ಬಿಡುತ್ತಿತ್ತು. ಅಂದು ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಅಂಗಳದಲ್ಲಿ ಒಂದು ಮೀಟರಿನ ಕಂಬಿ ನೆಟ್ಟಗೆ ನಿಲ್ಲಿಸಿದ್ದರು. ತಾಂಡೂರಿನಲ್ಲಿ ಅವಳ ಅಪ್ಪ ಕೆಲಸದ ನಡುವೆ ಪುರಸೊತ್ತು ಮಾಡಿಕೊಂಡು, ಪಾಲಿಶ್ ಆದ ಫರಸಿಯ ಮೇಲೆ ಅಷ್ಟೇ ಉದ್ದದ ಕಂಬಿಯನ್ನು ತೂಗುಗುಂಡು ಹಿಡಿದು ನಿಲ್ಲಿಸಿದ್ದ. ಅವನಿಗೆ ಫೋನು ಹಚ್ಚಿ, ನನ್ನ ಮೊಬೈಲಿನ ಸ್ಪೀಕರು ಹಾಕಿ ನಡುವೆ ಇಟ್ಟೆವು.

ಹನ್ನೆರಡು ಇಪ್ಪತ್ತೇಳಕ್ಕೆ ನೆರಳು ಗೆರೆಗೆ ಬಂತು. "ಅಪ್ಪಾ, ಈಗ!" ಎಂದು ಕೂಗಿದಳು.

ನಮ್ಮದು ಮೂವತ್ತೆರಡು ಸೆಂಟಿಮೀಟರು, ಮೇಲೆ ಟೇಪಿನ ಏಳು ಸಣ್ಣ ಗೆರೆ. ಆ ಕಡೆಯಿಂದ ಟೇಪು ಎಳೆಯುವ ಸಪ್ಪಳ. "ಮೂವತ್ತೊಂದು, ಮ್ಯಾಲ ಒಂದು ಗೆರಿ" ಎಂದ ಅಪ್ಪ.

"ನಮ್ದು ಒಂದು ಬಟ್ಟಿನಷ್ಟು ಉದ್ದ ಅದಪ್ಪಾ!"

"ಹಂಗಾದ್ರ ನಿಮ್ದೇ ತಪ್ಪಿರ್ಬೇಕವ್ವಾ. ಹದಿನೈದು ವರ್ಷಾತು ಇದೇ ಕೆಲಸ ಮಾಡ್ಲತೀನಿ, ನನ್ನ ಅಳತಿ ತಪ್ಪಂಗಿಲ್ಲ."

ಅಂಗಳವೆಲ್ಲ ನಕ್ಕಿತು. ಅವಳು ನಗಲಿಲ್ಲ. ಫೋನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಎರಡೂ ಬರೋಬರ್ ಅದಪ್ಪಾ. ಭೂಮಿ ಗುಂಡಗ ಅದಲ್ಲ, ಅದಕ್ಕ ನೀನು ನಿಂತ ಜಾಗ, ನಾ ನಿಂತ ಜಾಗ ಒಂದೀಟು ವಾರಿ ಅದ" ಎಂದು ಕೈಯಿಂದ ಬಾಗು ತೋರಿಸುತ್ತಾ ಹೇಳಿದಳು. ಅಪ್ಪನಿಗೆ ಕೈ ಕಾಣುತ್ತಿರಲಿಲ್ಲ. ಅವನ ಹಿಂದೆ ಕಲ್ಲು ಕೊಯ್ಯುವ ಯಂತ್ರದ ಸದ್ದು ಕೇಳುತ್ತಿತ್ತು.

"ಹೌದೇನವ್ವಾ?" ಎಂದ. "ಬಟ್ಟಿನಷ್ಟು ನೆರಳಾಗ ಅಷ್ಟು ಗೊತ್ತಾಗ್ತದ?"

ಮಕ್ಕಳು ನಕ್ಷೆಯಲ್ಲಿ ತಾಂಡೂರಿನ ದೂರ ಅಳೆದು, ಆ ಒಂದು ಬೆರಳಿನ ಅಂತರದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದರು. ಪುಸ್ತಕದ ಸಂಖ್ಯೆಗೆ ಹತ್ತಿರ ಬಂತು, ಸರಿಯಾಗಿ ಕೂಡಲಿಲ್ಲ. ನಾನು ಇಷ್ಟಾದರೂ ಬಹಳವಾಯಿತು ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಮತ್ತೆ ಅಪ್ಪನಿಗೆ ಫೋನು ಹಚ್ಚಲು ಕೇಳಿದಳು.

"ಅಪ್ಪಾ, ನಾಳಿ ಮತ್ತ ಕಂಬಿ ನಿಂದ್ರಸ್ತೀಯೇನು?"

"ನಿಂದ್ರಸ್ತೀನವ್ವ. ಬುತ್ತಿ ಇಲ್ಲೇ ಫರಸಿ ಬಾಜೂಕ ಇಟ್ಕೊಂಡು ಕೂಡ್ತೀನಿ."