ಪಪ್ಪಾಯಿಕಾಯಿ ಹಾಕಿದ ಕಬಾಬು

ಫ್ಲೋರಲ್ ಪಾರ್ಕ್ ಊರಿನ ದೇಸಿ ಅಂಗಡಿಯಲ್ಲಿ ಇವತ್ತು ಒಂದು ಪಪ್ಪಾಯಿಕಾಯಿ ಎತ್ತಿಕೊಂಡೆ. ತೊಟ್ಟಿನಿಂದ ಒಸರಿದ ಹಾಲು ಬೆರಳಿಗೆ ಅಂಟಿತು. ಆ ವಾಸನೆಗೆ ನಾವು ಮೊದಲಿದ್ದ ಹ್ಯಾರಿಸನ್ ಊರಿನ ಹಳೆಯ ಅಡುಗೆಮನೆ ನೆನಪಾಯಿತು.

ಕಬಾಬಿನ ಖೀಮಾಕ್ಕೆ ಅಮ್ಮಿ ಇದನ್ನೇ ಅರೆದು ಕಲಸುತ್ತಿದ್ದಳು. ಎರಡು ಚಮಚ, ಒಂದು ಗಂಟೆ. ಕಾಯಿಯ ಹಾಲಿನಲ್ಲಿರುವ ಕಿಣ್ವ ಮಾಂಸದ ಪ್ರೋಟೀನನ್ನು ತುಂಡರಿಸಿ ಮೆತ್ತಗೆ ಮಾಡುತ್ತದೆ.

ಆಮೇಲೆ ಅಮ್ಮಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಯಿತು. ಅಂಥದೇ ಕಿಣ್ವಗಳು ಅವಳ ಹೊಟ್ಟೆಯಲ್ಲಿ ಸಾಲದೆ, ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ನುಂಗುತ್ತಿದ್ದಳು. ಒಂದು ದಿನ, "ಕಬಾಬ್ ತಿನ್ನೋ ಆಸೆ ಆಗ್ತಿದೆ ಕಣೋ" ಎಂದಳು. ಅವಳಿಗೆ ಸುಲಭವಾಗಿ ಜೀರ್ಣವಾಗಲಿ ಎಂದು ನಾನು ಇಡೀ ಕಾಯಿ ಅರೆದು ಹಾಕಿ, ಬೆಳಗಿನಿಂದ ಸಂಜೆಯವರೆಗೆ ಬಿಟ್ಟೆ.

ತವಾ ಮೇಲೆ ಕಬಾಬು ಗಂಜಿಯಾಯಿತು. ನನ್ನ ಅಬ್ಬಾ ಅದನ್ನು ಚೆಲ್ಲಲು ಹೋದರು.

"ಕೊಡ್ರೀ ಇಲ್ಲಿ. ನನ್ನ ಮಗ ನನ್ ಹಲ್ಲಿಗೂ ರಜಾ ಕೊಟ್ಟಿದಾನೆ" ಎಂದು ನಕ್ಕು, ಅಮ್ಮಿ ಮೂರು ಚಮಚ ತಿಂದಳು. ಕಹಿಯಾಗಿತ್ತು, ನಾನು ನೆಕ್ಕಿ ನೋಡಿದ್ದೆ. ಮತ್ತೆ ಅವಳು ಕಬಾಬ್ ಕೇಳಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಹೋದಳು.

ಒಲೆಯ ಬಿಸಿಗೆ ಆ ಕಿಣ್ವ ಕೆಟ್ಟುಹೋಗುತ್ತದೆ, ಹೊಟ್ಟೆಗೆ ಹೋಗಿ ಏನೂ ಮಾಡುವುದಿಲ್ಲ ಎಂದು ಆಮೇಲೆ ಹೈಸ್ಕೂಲಿನಲ್ಲಿ ತಿಳಿಯಿತು. ಮುಂದೆ ನಾನು ಓದು ಅರ್ಧಕ್ಕೇ ಬಿಟ್ಟೆ, ಆದರೆ ಅದಕ್ಕಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ಪಾಠ ಮಾತ್ರ ಮರೆತಿಲ್ಲ.

"ಕಬಾಬಿಗಾ? ಒಂದು ಗಂಟೆ ಮೇಲೆ ಬಿಡಬೇಡಪ್ಪ, ಕರಗೋಗುತ್ತೆ" ಎಂದರು ಅಂಗಡಿ ನಡೆಸುವ ಮೈಸೂರಿನ ಅಂಕಲ್, ನನ್ನ ಕೈಯಲ್ಲಿದ್ದ ಕಾಯಿ ನೋಡಿ.

"ಗೊತ್ತು ಅಂಕಲ್" ಎಂದು ಕಾಯಿಯನ್ನು ಇದ್ದಲ್ಲೇ ಇಟ್ಟೆ.