ಚೊಕ್ಕಣ್ಣ ಕೊಳೆ ಬೇಡಲು ಹೋದದ್ದು

ಅವನಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಬೀದಿಗಂತೂ ಅದು ಮರೆತೇ ಹೋಗಿತ್ತು. ಬೀದಿಯ ಬಾಯಲ್ಲಿ ಅವನು ಚೊಕ್ಕಣ್ಣ, ಲಾಂಡ್ರಿ ಚೊಕ್ಕಣ್ಣ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಪರದೆಯೂ ವಾರ ವಾರ ಒಗೆತಕ್ಕೆ ಬೀಳುತ್ತಿತ್ತು. ಚಹಾದ ಕಲೆಗೆ ಬಿಸಿನೀರೋ ತಣ್ಣೀರೋ, ಶಾಯಿ ಚೆಲ್ಲಿದ ಜೇಬಿಗೆ ಏನು ಹಚ್ಚಬೇಕು, ಯಾವ ಬಟ್ಟೆಗೆ ಬ್ರಷ್ಷು ಮುಟ್ಟಿಸಲೇಬಾರದು ಎಂಬುದೆಲ್ಲ ಅವನಿಗೆ ಬಟ್ಟೆ ಕೈಗೆ ಬಂದ ಕೂಡಲೇ ತಿಳಿಯುತ್ತಿತ್ತು. ಒಳ್ಳೆಯದೇ ಬಿಡಿ, ಕಸುಬು ಅಂದಮೇಲೆ ಹಾಗೇ ಇರಬೇಕು. ಆದರೆ ಅಂಗಡಿಯ ಬಾಗಿಲು ಹಾಕಿದ ಮೇಲಾದರೂ ಮನುಷ್ಯ ಸುಮ್ಮನಿರಬೇಡವೇ? ಸ್ವಿಚ್ಚು ಒರೆಸುವನು, ಚಿಲಕ ಒರೆಸುವನು, ಹೆಂಡತಿ ಚಹಾದ ಲೋಟ ಕೆಳಗಿಟ್ಟು ಒಂದು ಉಸಿರು ಬಿಡುವಷ್ಟರಲ್ಲಿ ಅದನ್ನು ಎತ್ತಿಕೊಂಡು ಹೋಗುವನು. "ಇನ್ನೂ ಎರಡು ಗುಟುಕು ಇತ್ತು ಕಣ್ರೀ!" ಎಂದು ಅವಳು ಕೂಗುವ ಹೊತ್ತಿಗೆ ಲೋಟ ತೊಳೆಸಿಕೊಂಡು ಬೋರಲು ಬಿದ್ದಿರುತ್ತಿತ್ತು.

ಇಂಥವನ ಹಣೆಯಲ್ಲಿ ಬರೆದಿದ್ದ ಭಾಮೈದನೋ, ಗ್ಯಾರೇಜಿನವನು. ಹೆಂಡತಿಯ ಒಬ್ಬನೇ ತಮ್ಮ. ಉಗುರಿನ ಸಂದಿಯಲ್ಲಿ ಸದಾ ಗ್ರೀಸು, ಅಂಗೈ ಗೆರೆಗಳಲ್ಲಿ ಕರಿ ಎಣ್ಣೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ದೊಡ್ಡವರು ಹೇಳಿದ್ದು ನಿಜವೇ, ಆದರೆ ಆ ದೊಡ್ಡವರ್ಯಾರೂ ಲಾಂಡ್ರಿ ಇಟ್ಟವರಲ್ಲ. ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಬಂದ ಭಾಮೈದ, ಕೂರಲು ಕುರ್ಚಿ ಕಾಣದೆ, ಬ್ಯಾಂಡಿನವರ ಬಿಳಿ ಕೋಟುಗಳ ಅಟ್ಟಿಯ ಮೇಲೆ ಆರಾಮಾಗಿ ಕೂತುಬಿಟ್ಟ. ಕೂತವನು ಕೈಯೂರಿ ಎದ್ದಾಗ ಬಿಳಿ ಕೋಟಿನ ಮೇಲೆ ಐದೂ ಬೆರಳು ಕರ್ರಗೆ ಮೂಡಿದವು. ಚೊಕ್ಕಣ್ಣನ ಬಾಯಿಂದ ಬಂದ ಮಾತು ಇಡೀ ಬೀದಿಗೆ ಕೇಳಿಸಿತು. "ಆ ಕೈ ಬೆಳ್ಳಗಾಗೋವರೆಗೂ ನನ್ನ ಹೊಸಿಲು ತುಳೀಬೇಡ!"

ಮೆಕ್ಯಾನಿಕ್ಕಿನ ಕೈ ಎಂದಾದರೂ ಬೆಳ್ಳಗಾಗುವುದುಂಟೇ? ಅವನೂ ಮಾನಸ್ಥ. ಅಂದಿನಿಂದ ಒಳಗೆ ಬರಲಿಲ್ಲ. ಹಿತ್ತಿಲ ಕಡೆಯಿಂದ ಬಂದು ಅಡುಗೆಮನೆ ಕಿಟಕಿಯ ಸರಳು ಹಿಡಿದು ಅಕ್ಕನ ಜೊತೆ ಮಾತಾಡಿ ಹೋಗುತ್ತಿದ್ದ. ಅವನು ಹೋದ ಮೇಲೆ ಚೊಕ್ಕಣ್ಣ ಆ ಸರಳುಗಳನ್ನೂ ಒರೆಸುತ್ತಿದ್ದ. ಹೆಂಡತಿ ನೋಡುತ್ತಿದ್ದಳು.

ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಅಂಗಿಯ ಗುಂಡಿ, ಕೊನೆಗೆ ಎದುರಿಗೆ ನಿಂತವರ ಮುಖ. ಎಲ್ಲವೂ ಹಬೆ ಹಿಡಿದ ಗಾಜಿನಾಚೆ ಇದ್ದಂತೆ. ಅವಳು ಮಾತು ಕಡಿಮೆ ಮಾಡಿದಳು. ಆಗಲೇ ತಮ್ಮ ಒಂದು ಸಂಜೆ ಕಿಟಕಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೂರಿಸಿದ. ಅದರೊಳಗೆ ಅವನ ಗ್ಯಾರೇಜಿನ ತೊಟ್ಟಿಯಲ್ಲಿ ಬೆಳೆದ ಒಂದು ಗೋಲ್ಡ್ ಫಿಶ್, ಹೊಟ್ಟೆ ಉಬ್ಬಿಸಿಕೊಂಡು, ಬಾಲ ಬೀಸಿಕೊಂಡು. ಹಿಂದೆಯೇ ಒಂದು ಗಾಜಿನ ತೊಟ್ಟಿಯನ್ನೂ ಹಿತ್ತಿಲ ಬಾಗಿಲಲ್ಲಿ ಇಟ್ಟುಹೋದ. ಅವಳಿಗೆ ಕಂಡದ್ದು ಒಂದು ಕಿತ್ತಳೆ ಬಣ್ಣದ ಉಂಡೆ ಮಾತ್ರ. ಆದರೆ ಕಂಡಿತು! ಆ ಮಬ್ಬಿನೊಳಗೂ ಓಡಾಡುವುದು ಕಂಡಿತು. ಅವಳು ಅದಕ್ಕೆ ಡುಮ್ಮಿ ಎಂದು ಹೆಸರಿಟ್ಟಳು, ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡಳು, ಮತ್ತೆ ನಗಲು ಶುರು ಮಾಡಿದಳು.

ಆಪರೇಷನ್ನಿಗೆ ಹೊರಟ ದಿನ ಅವಳು ಗಂಡನ ಕೈ ಹಿಡಿದು ಹೇಳಿದಳು, "ಒಂದು ಕಣ್ಣು ಆಗಿ, ಅದು ವಾಸಿಯಾಗಿ, ಆಮೇಲೆ ಇನ್ನೊಂದು. ಅಲ್ಲೀವರೆಗೂ ಆಸ್ಪತ್ರೆ ಹತ್ರ ನಮ್ಮ ದೊಡ್ಡಕ್ಕನ ಮನೇಲೇ ಇರ್ತೀನಿ. ಡುಮ್ಮಿಗೆ ಚಿಟಿಕೆ ಕಾಳು ಹಾಕಿ, ಅಷ್ಟೇ. ಬೇರೆ ಏನೂ ಮಾಡ್ಬೇಡಿ. ನೀರು ನೋಡ್ಕೊಳ್ಳೋಕೆ ನನ್ನ ತಮ್ಮ ಬರ್ತಾನೆ."

"ಅವನ್ಯಾಕೆ ಬರಬೇಕು? ನೀರಿನ ವಿಷಯ ನಂಗೆ ಹೇಳಿಕೊಡ್ತೀಯಾ?"

"ಸರಿ ಮಾರಾಯ್ರೆ. ಒಂದು ಮಾತ್ರ ನೆನಪಿಡಿ. ಮನೆಗೆ ಬಂದ ತಕ್ಷಣ ನಾನು ಮೊದ್ಲು ಅದನ್ನ ನೋಡ್ಬೇಕು. ಅದಕ್ಕೆ ಕಣ್ಣು ಹೇಗಿದೆ, ಮೈಮೇಲೆ ಏನಿದೆ, ಒಂದೂ ಗೊತ್ತಿಲ್ಲ ನಂಗೆ."

ಅವಳ ಬಸ್ಸು ತಿರುವು ದಾಟಿತೋ ಇಲ್ಲವೋ, ಚೊಕ್ಕಣ್ಣ ತೋಳು ಮಡಿಚಿದ. ಹೆಂಡತಿ ಹೊಸ ಕಣ್ಣಲ್ಲಿ ಮೊದಲ ಸಲ ಮೀನು ನೋಡುವುದು ಈ ಪಾಚಿ ಹಿಡಿದ ಗಾಜಿನಲ್ಲೇ? ಛೆ, ಎಂಥ ಮಾತು! ಡುಮ್ಮಿಯನ್ನು ಬಕೆಟ್ಟಿಗೆ ಹಾಕಿದ. ನೀರನ್ನೆಲ್ಲ ಮೋರಿಗೆ ಚೆಲ್ಲಿದ. ಕಲ್ಲುಗಳನ್ನು ಕುದಿಸಿದ, ಗಾಜನ್ನು ಕೆರೆದ. ತೊಟ್ಟಿಯ ನೀರು ಸೋಸುವ ಫಿಲ್ಟರಿನೊಳಗಿನ ಸ್ಪಂಜು ಕರ್ರಗೆ ಲೋಳೆ ಹಿಡಿದಿತ್ತು. ಅದನ್ನು ಕಂಡು ಹೇಸಿಕೊಂಡು, ಕುದಿಯುವ ನೀರಲ್ಲಿ ಹಿಂಡಿ ಹಿಂಡಿ ಹೊಸದರಂತೆ ಮಾಡಿದ. ನಲ್ಲಿಯಿಂದ ತಾಜಾ ನೀರು ತುಂಬಿದ. ತೊಟ್ಟಿ ಹೇಗೆ ಹೊಳೆಯಿತೆಂದರೆ, ಇಸ್ತ್ರಿಗೆ ಬಂದವರೆಲ್ಲ ಪರದೆ ಸರಿಸಿ ನೋಡಿ ಹೊಗಳಿದರು. ಚೊಕ್ಕಣ್ಣ ಉಬ್ಬಿದ.

ಉಬ್ಬಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಕೆಲವೇ ದಿನಕ್ಕೆ ನೀರು ಗಂಜಿಯಂತೆ ಬಿಳಿಚಿಕೊಂಡಿತು. ಡುಮ್ಮಿ ಕಾಳಿಗೆ ಬರಲಿಲ್ಲ. ಬುದ್ಧಿವಂತನಾದರೆ ಅಲ್ಲಿಗೆ ಕೈ ಬಿಡುತ್ತಿದ್ದ. ನಮ್ಮವನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪೈಕಿ. ನೀರು ಕೊಳೆಯಾಗಿದೆ ಎಂದು ಮತ್ತೆ ಎಲ್ಲವನ್ನೂ ತೆಗೆದು, ಇನ್ನಷ್ಟು ಚೆನ್ನಾಗಿ ತೊಳೆದ!

ಮರುದಿನ ಬೆಳಿಗ್ಗೆ ಡುಮ್ಮಿ ನೀರಿನ ಮೇಲ್ಗಡೆ ತೇಲಿಕೊಂಡು ಬಾಯಿ ಬಾಯಿ ಬಿಡುತ್ತಿತ್ತು. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ಬೀಸಣಿಗೆಯಂಥ ಬಾಲ ಮುದುರಿ, ಅದರಲ್ಲಿ ರಕ್ತದ ಎಳೆಗಳು ಕಾಣುತ್ತಿದ್ದವು. ಅದೇ ಹೊತ್ತಿಗೆ ಫೋನು ಬಂತು.

"ರೀ, ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ರು! ಗೋಡೆ ಗಡಿಯಾರದ ಮುಳ್ಳು ಕಾಣ್ತಿದೆ! ಡುಮ್ಮಿ ಹೇಗಿದೆ?"

"ಚೆನ್ನಾಗಿದೆ," ಎಂದ ಚೊಕ್ಕಣ್ಣ. ಫೋನು ಇಟ್ಟು, ಅವಳ ಕುರ್ಚಿಯಲ್ಲೇ ಕುಸಿದು ಕೂತ. ಅವಳು ಹೊಸ ಕಣ್ಣು ತಂದು ಖಾಲಿ ತೊಟ್ಟಿ ನೋಡುವುದನ್ನು ನೆನೆದು ಅವನಿಗೆ ಅಳುವೇ ಬಂತು. ಹೋಗಲು ಒಂದೇ ಕಡೆ ಇತ್ತು. ಹೋಗಬಾರದ ಕಡೆ.

ಗ್ಯಾರೇಜಿನಲ್ಲಿ ಭಾಮೈದ ಒಂದು ಸ್ಕೂಟರಿನ ಹೊಟ್ಟೆಗೆ ಕೈ ಹಾಕಿ ಕೂತಿದ್ದ. ಬಾಗಿಲಲ್ಲಿ ಬಿಳಿ ಅಂಗಿ ಕಂಡು ಗಾಬರಿಯಿಂದ ಎದ್ದ.

"ಭಾವ! ಅಕ್ಕಂಗೇನಾದ್ರೂ...?"

"ಅವಳು ಚೆನ್ನಾಗಿದಾಳೆ ಕಣಯ್ಯಾ. ಡುಮ್ಮಿ... ಮೇಲೆ ಬಂದು ಬಾಯಿ ಬಿಡ್ತಿದೆ. ನಾನೇನೂ ಕಮ್ಮಿ ಮಾಡಿಲ್ಲ. ಎರಡು ಸಲ ತೊಳೆದಿದೀನಿ."

"ತೊಳೆದ್ರಾ? ಏನನ್ನ?"

"ಎಲ್ಲಾನೂ."

"ಸ್ಪಂಜು?"

"ಕುದಿಯೋ ನೀರಲ್ಲಿ. ಅಬ್ಬಾ, ಏನು ಲೋಳೆ ಅಂತೀಯ!"

ಭಾಮೈದ ಹಣೆ ಚಚ್ಚಿಕೊಂಡ. ಹಣೆಗೂ ಗ್ರೀಸು ಮೆತ್ತಿತು. "ಅಯ್ಯೋ ಭಾವ, ಆ ಲೋಳೇಲೇ ಇದ್ದಿದ್ದು ಜೀವ! ಮೀನು ಹೇತಿದ್ದು, ಉಚ್ಚೆ ಹೊಯ್ದಿದ್ದು ಎಲ್ಲಾ ನೀರಲ್ಲಿ ವಿಷ ಆಗುತ್ತೆ. ಕಣ್ಣಿಗೆ ಕಾಣದ ಹುಳಗಳು ಆ ಸ್ಪಂಜಲ್ಲಿ, ಕಲ್ಲಲ್ಲಿ ಕೂತ್ಕೊಂಡು ಅದನ್ನ ತಿಂದು ಅರಗಿಸ್ತವೆ. ನೀವು ಕಸ ಗುಡಿಸೋಕೆ ಹೋಗಿ ಕಸ ಗುಡಿಸೋರನ್ನೇ ಗುಡಿಸಿ ಹಾಕಿದ್ರಿ. ಅದರ ಮೇಲೆ ನಲ್ಲಿ ನೀರು. ಅದರಲ್ಲಿ ಬ್ಲೀಚಿನ ಜಾತಿಯದ್ದೇ ಔಷಧಿ ಇರುತ್ತೆ, ನಿಮಗೆ ಗೊತ್ತಿರಲೇಬೇಕು."

ಗೊತ್ತಿತ್ತು. ಬ್ಲೀಚಿನ ವಾಸನೆಯಲ್ಲೇ ಆಯಸ್ಸು ಕಳೆದವನಿಗೆ ಗೊತ್ತಿರದೆ ಏನು? ಆದರೆ ಬೆಳ್ಳಗೆ ಮಾಡುವ ವಸ್ತು ಉಸಿರುಗಟ್ಟಿಸೀತು ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. "ಈಗೇನು ಮಾಡೋದು?" ಎಂದ, ಸಣ್ಣ ದನಿಯಲ್ಲಿ.

"ಕೊಳೆ ಬೇಕು."

"ಎಲ್ಲಿ ಸಿಗುತ್ತೆ?"

ಭಾಮೈದ ನಕ್ಕುಬಿಟ್ಟ. ಗ್ಯಾರೇಜಿನ ಮೂಲೆಯಲ್ಲಿ, ಹಳೇ ಟೈರುಗಳ ಪಕ್ಕ, ಹಸಿರು ಹಿಡಿದ ಅವನ ದೊಡ್ಡ ತೊಟ್ಟಿ ಇತ್ತು. ಡುಮ್ಮಿಯ ಒಡಹುಟ್ಟಿದವೆಲ್ಲ ಅಲ್ಲಿ ಕೊಬ್ಬಿಕೊಂಡು ಓಡಾಡುತ್ತಿದ್ದವು. "ನಂದು ಕೊಡ್ತೀನಿ ಬನ್ನಿ. ಕೊಳೆಗೆ ನಮ್ಮಲ್ಲಿ ಬರ ಇಲ್ಲ, ನೀವೇ ಎಷ್ಟು ಸಲ ಹೇಳಿದೀರಿ!"

ಚೊಕ್ಕಣ್ಣನೂ ನಗಬೇಕಿತ್ತು, ನಗಲಾಗಲಿಲ್ಲ. ಭಾಮೈದ ತನ್ನ ಫಿಲ್ಟರಿನಿಂದ ಕರಿ ಲೋಳೆ ಸುರಿಯುವ ಒಂದು ಸ್ಪಂಜು ತೆಗೆದು, ಅದೇ ತೊಟ್ಟಿಯ ನೀರಿದ್ದ ಡಬ್ಬಿಗೆ ಹಾಕಿ ಭಾವನ ಕೈಗೆ ಕೊಟ್ಟ. ತಾನು ಎರಡು ಕ್ಯಾನುಗಳಲ್ಲಿ ನೀರು ತುಂಬಿಕೊಂಡ. ಅದು ತನ್ನ ಮೀನಿಗೆಂದು, ಬ್ಲೀಚು ಮುರಿಯುವ ಹನಿ ಬಿಟ್ಟು, ಹಿಡಿದು ಇಟ್ಟಿದ್ದ ನೀರು. ಆ ಹನಿಯ ಸೀಸೆಯನ್ನೂ ಜೇಬಿಗೆ ಹಾಕಿಕೊಂಡ. ಬೀದಿಯುದ್ದಕ್ಕೂ ಚೊಕ್ಕಣ್ಣ ಆ ಡಬ್ಬಿಯನ್ನು ಹಸುಗೂಸಿನಂತೆ ಎದೆಗೆ ಅವುಚಿಕೊಂಡು ನಡೆದ. ಅಂಗಿಯ ಮೇಲೆ ಹಸಿರು ನೀರು ತುಳುಕುತ್ತಿತ್ತು, ಅವನು ಬಗ್ಗಿಯೂ ನೋಡಲಿಲ್ಲ.

ಹೊಸಿಲ ಹತ್ತಿರ ಬಂದಾಗ ಭಾಮೈದ ಅಭ್ಯಾಸಬಲದಿಂದ ಹಿತ್ತಿಲ ಕಡೆ ತಿರುಗಿದ.

"ಎಲ್ಲಿಗೆ ಹೊರಟೆ?" ಎಂದ ಚೊಕ್ಕಣ್ಣ. "ಈ ಕಡೆ ಬಾ."

"ಕೈ ಹೀಗಿದೆ, ಭಾವ."

"ಇರಲಿ ಬಾರಯ್ಯಾ. ಅಲ್ಲಿ ಅದು ಸಾಯ್ತಾ ಇದೆ!"

ಒಳಗೆ ಬಂದ ಭಾಮೈದ ಬಗ್ಗಿ, ಗಾಜಿಗೆ ಮುಖ ತಾಗಿಸಿ ನೋಡಿದ. "ಪಾಪ, ವಿಷಕ್ಕೆ ಸುಟ್ಟುಹೋಗಿದೆ ಮೈಯೆಲ್ಲ. ಆದ್ರೆ ಕಣ್ಣು ಆಡಿಸ್ತಿದೆ. ತಡೀರಿ, ಕೈ ಹಾಕ್ಬೇಡಿ! ನಿಮ್ಮ ಕೈ ಸೋಪಿಂದು, ನಂದು ಎಣ್ಣೇದು. ಎರಡೂ ಅದಕ್ಕೆ ಆಗಲ್ಲ. ಒಂದು ಸೌಟು ಕೊಡಿ." ಸೌಟಿನಿಂದ ಅರ್ಧದಷ್ಟು ಕೆಟ್ಟ ನೀರು ಮೊಗೆದು ತೆಗೆದರು, ತಂದ ನೀರನ್ನು ಗಾಜಿನ ಬದಿಯಿಂದ ಮೆಲ್ಲಗೆ ಇಳಿಸಿದರು. ಒಂದಿಷ್ಟು ಕಲ್ಲುಪ್ಪು ಕರಗಿಸಿ ಬಿಟ್ಟರು. ಹೊಸದರಂತೆ ಬೆಳ್ಳಗಿದ್ದ ಸ್ಪಂಜನ್ನು ಇಕ್ಕಳದಿಂದ ತೆಗೆದು, ಅದರ ಜಾಗಕ್ಕೆ ಲೋಳೆಯ ಸ್ಪಂಜು ಹಾಕಿದರು. ನೀರೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಚೊಕ್ಕಣ್ಣ ಕಣ್ಣು ಮುಚ್ಚಿಕೊಂಡ.

"ಇನ್ನು ಕಾಳು ಹಾಕ್ಬೇಡಿ, ನಾನು ಹೇಳೋವರೆಗೂ. ದಿನಾ ಸ್ವಲ್ಪ ನೀರು ಬದಲಾಯಿಸಿ. ನಲ್ಲಿ ನೀರಾದ್ರೆ ಈ ಸೀಸೆಯ ಹನಿ ಬಿಟ್ಟು, ಬಿಸಿ ತಂಪು ತೊಟ್ಟಿಯಷ್ಟೇ ಇರೋ ಹಾಗೆ ನೋಡ್ಕೊಂಡು. ಮಿಕ್ಕಿದ್ದಕ್ಕೆ ಕೈ ಕಟ್ಟಿ ಕೂತ್ಕೊಳ್ಳಿ."

"ಸುಮ್ನೆ ಕೂತ್ಕೊಳ್ಳೋದಾ?"

"ಅದೇ ಔಷಧಿ, ಭಾವ. ನಿಮಗೂ."

ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂಬುದು ಚೊಕ್ಕಣ್ಣನಿಗೆ ಆಗ ಗೊತ್ತಾಯಿತು. ಗಾಜಿನ ಮೇಲೆ ಪಾಚಿ ತೆಳ್ಳಗೆ ಹಬ್ಬತೊಡಗಿತು. ಅವನ ಬೆರಳುಗಳು ಕೆರೆಯಲು ತವಕಿಸಿದವು. ಇಸ್ತ್ರಿಯ ನಡುವೆ ಪರದೆ ಸರಿಸಿ ಸರಿಸಿ ನೋಡಿದ. ಒಬ್ಬರ ಪ್ಯಾಂಟಿಗೆ ಎರಡೆರಡು ಗೆರೆ ಬಿತ್ತು, ಬೈಸಿಕೊಂಡ. ಭಾಮೈದ ಗ್ಯಾರೇಜು ಮುಚ್ಚಿ ಬರುವುದನ್ನೇ ಕಾಯುತ್ತಿದ್ದ, ಬಂದವನಿಗೆ ಚಹಾ ಕೊಡುತ್ತಿದ್ದ. ಲೋಟವನ್ನು ಅವನು ಪೂರ್ತಿ ಕುಡಿಯುವವರೆಗೂ ಮುಟ್ಟುತ್ತಿರಲಿಲ್ಲ, ಅದೂ ಒಂದು ಸಾಹಸವೇ.

ಡುಮ್ಮಿ ಮೊದಲು ಮೇಲಿನಿಂದ ಕೆಳಗಿಳಿಯಿತು. ಆಮೇಲೆ ಒಂದು ರೆಕ್ಕೆ ಬಿಚ್ಚಿತು. ಒಂದು ಬೆಳಿಗ್ಗೆ ಬಾಲ ಪೂರ್ತಿ ಹರಡಿ, ಕಲ್ಲು ಕೆದಕಿ, ಚೊಕ್ಕಣ್ಣನ ನೆರಳು ಕಂಡು ಕಾಳಿಗೆಂದು ಗಾಜಿಗೆ ಬಂದು ಮೂತಿ ಒತ್ತಿತು. ಅವನು ಇಸ್ತ್ರಿ ಪೆಟ್ಟಿಗೆ ಬಿಟ್ಟು ಗ್ಯಾರೇಜಿಗೆ ಓಡಿದ. "ಹಸಿವಾಗಿದೆ ಕಣಯ್ಯಾ! ಅದಕ್ಕೆ ಹಸಿವಾಗಿದೆ!" ಎಂದು ಬೀದಿಯಲ್ಲೇ ಕೂಗಿದ.

ಆದರೆ ಮೈಮೇಲೆ ಕಪ್ಪು ಮಚ್ಚೆಗಳು ಮೂಡಿದ್ದವು, ಶಾಯಿ ಸಿಡಿಸಿದ ಹಾಗೆ. "ಸುಟ್ಟ ಗಾಯ ಮಾಯುವಾಗ ಹೀಗೇ ಆಗುತ್ತೆ," ಎಂದ ಭಾಮೈದ. "ಒಳ್ಳೇ ಲಕ್ಷಣ. ಅಕ್ಕ ಮೀನನ್ನ ಸರಿಯಾಗಿ ನೋಡಿಯೇ ಇಲ್ಲ, ಮೊದಲಿಂದಲೂ ಹೀಗೇ ಇತ್ತು ಅಂದ್ಕೋತಾಳೆ. ನೀವು ಬಾಯಿ ಬಿಡ್ಬೇಡಿ, ನಾನೂ ಬಿಡಲ್ಲ."

ಅವಳು ಬಂದಳು. ಕರಿ ಕನ್ನಡಕ ತೆಗೆದು, ಚಪ್ಪಲಿ ಬಿಡುವುದನ್ನೂ ಮರೆತು, ನೇರ ತೊಟ್ಟಿಯ ಹತ್ತಿರ ಹೋಗಿ ಕೂತಳು. "ಎಷ್ಟು ಚೆನ್ನಾಗಿದೀಯೇ ನೀನು," ಎಂದಳು ಮೀನಿಗೆ. "ಒಂದೊಂದು ಹುರುಪೆಯೂ ಚಿನ್ನದ ಹಾಗಿದೆ. ಅರೆ, ಈ ಕಪ್ಪು ಮಚ್ಚೆ ಮೊದಲಿಂದ ಇತ್ತೇನ್ರೀ?"

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಚೊಕ್ಕಣ್ಣ ಬಾಯಿ ತೆರೆದ, ಮುಚ್ಚಿದ, ಡುಮ್ಮಿಯಂತೆಯೇ.

"ಇಲ್ಲ. ಅದು ನಾನು ಹಾಕಿದ ಕಲೆ. ನೀನು ಬೇಡ ಅಂದಿದ್ದೆ, ನಾನು ತೊಳೆದೆ. ಎರಡು ಸಲ ತೊಳೆದೆ. ಇನ್ನೇನು ಕೊಂದೇಬಿಡ್ತಿದ್ದೆ ಕಣೇ."

ಅವಳು ಅವನ ಮುಖ ನೋಡಿದಳು, ಬಹಳ ಕಾಲದ ಮೇಲೆ, ಸ್ಪಷ್ಟವಾಗಿ. ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಅವಳ ಕಣ್ಣು ಅವನಿಂದ ಸರಿದು ತೊಟ್ಟಿಯ ಗಾಜಿನ ಮೂಲೆಗೆ ಹೋಗಿತ್ತು. ಅಲ್ಲಿ ಕರ್ರಗೆ, ಗೆರೆಗೆರೆಯಾಗಿ, ಒಂದು ಹೆಬ್ಬೆಟ್ಟಿನ ಗುರುತು. ಅವಳು ಬಗ್ಗಿ ನೋಡಿದಳು.

"ಇದು ನನ್ನ ತಮ್ಮಂದಲ್ವಾ?"

"ಹೂಂ. ಅವನೇ ಉಳಿಸಿದ್ದು."

"ಒಳಗೆ ಬಂದಿದ್ನಾ? ಯಾವ ಬಾಗಿಲಿಂದ?"

"ಮುಂದಿನ ಬಾಗಿಲಿಂದ. ದಿನಾ ಬರ್ತಾನೆ."

"ಮತ್ತೆ ಇದನ್ನ ಒರೆಸಿಲ್ಲ ನೀವು?"

"ಬಟ್ಟೆ ಕೈಗೆ ತಗೊಂಡಿದ್ದೆ," ಎಂದ ಚೊಕ್ಕಣ್ಣ. "ಒರೆಸೋಕೆ ಮನಸ್ಸು ಬರಲಿಲ್ಲ."

ಅವಳ ಹೊಸ ಕಣ್ಣು ತುಂಬಿಬಂತು. ಚೊಕ್ಕಣ್ಣ ಗಾಬರಿಯಾಗಿ ಜೇಬಿನಿಂದ ಕರವಸ್ತ್ರ ಎಳೆದ, ಬೀದಿಯಲ್ಲೇ ಅತಿ ಬಿಳಿಯದು. "ಅಯ್ಯೋ, ಉಜ್ಜಬೇಡಿ ಮಾರಾಯ್ರೆ! ಡಾಕ್ಟ್ರು ಕಣ್ಣು ಮುಟ್ಲೇಬಾರ್ದು ಅಂದಿದಾರೆ," ಎಂದು ಅವಳು ಅಳುತ್ತಲೇ ನಕ್ಕಳು. ಅವನು ಕೆನ್ನೆಯ ಮೇಲಿನದನ್ನು ಮಾತ್ರ ಮೆಲ್ಲಗೆ ಒತ್ತಿದ.

"ರಾತ್ರಿ ಊಟಕ್ಕೆ ಅವನನ್ನ ಕರೀರಿ," ಎಂದಳು ಅವಳು. "ಕೈ ತೊಳ್ಕೊಂಡು ಬಾ ಅಂತ ಮಾತ್ರ ಹೇಳ್ಬೇಡಿ."